ಕೇಳದೆ ಬೀಳದ ಸುತ್ತಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಿಮೆಂಟಿನ ಹಸಿ ವಾಸನೆ ಆರದ ಹೊಸ ಕಟ್ಟಡದ ಒಳ ಓಣಿಯ ಕೊನೆಯಲ್ಲಿ ಒಬ್ಬ ಹೆಂಗಸು ಗೋಡೆಗೆ ನೀರು ಕುಡಿಸುತ್ತಿದ್ದಾಳೆ. ಎರಚುವುದಿಲ್ಲ. ಗೋಣಿಚೀಲವನ್ನು ಬಕೆಟ್ಟಿನಲ್ಲಿ ಅದ್ದಿ, ಜ್ವರ ಬಂದ ಮಗುವಿನ ಹಣೆ ಒರೆಸುವ ಹಾಗೆ, ಇಟ್ಟಿಗೆಯಿಂದ ಇಟ್ಟಿಗೆಗೆ ಒರೆಸುತ್ತ ಹೋಗುತ್ತಾಳೆ. ಒದ್ದೆ ಗೋಡೆ ದೂಳೆಬ್ಬಿಸುವುದಿಲ್ಲ, ಹಳೆಯ ಗಾರೆಯೂ ಹಟ ಬಿಡುತ್ತದೆ. ಆಮೇಲೆ ಬೆರಳಿನ ಗೆಣ್ಣಿನಿಂದ ಅಲ್ಲಲ್ಲಿ ತಟ್ಟುತ್ತಾಳೆ, ಗಡಿಗೆ ಕೊಳ್ಳುವವರು ತಟ್ಟಿ ನೋಡುವಂತೆ. ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ತಿಳಿದ ಮೇಲೆ ಅಂಗೈಯನ್ನು ಗೋಡೆಗೆ ಒತ್ತಿ, ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಾಳೆ. ಏನು ಬೇಡಿಕೊಳ್ಳುತ್ತಾಳೋ, ತುಟಿಯಂತೂ ಅಲುಗುವುದಿಲ್ಲ.

ಚಾಣವನ್ನು ಗಾರೆಯ ಗೆರೆಗೆ ಇಡುತ್ತಾಳೆ. ಸದ್ದು ಮೊಂಡಾಗಲಿ ಎಂದು ಅದರ ತಲೆಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದೆ. ಸುತ್ತಿಗೆ ಎತ್ತುತ್ತಾಳೆ. ಆದರೆ ಹೊಡೆಯುವುದಿಲ್ಲ. ಕೇಳುತ್ತಾಳೆ.

"ಹೊಡೀಲಾ?"

ಗೋಡೆಯ ಆ ಕಡೆಯಿಂದ, ಸ್ವಲ್ಪ ತಡೆದು, ಎಳೆದ ದನಿಯಲ್ಲಿ ಉತ್ತರ ಬರುತ್ತದೆ. "ಹೂಂ..."

ಆಗ ಸುತ್ತಿಗೆ ಬೀಳುತ್ತದೆ.

ಗೋಡೆಯ ಆ ಕಡೆ ಇರುವುದು ನಿವೃತ್ತ ಸೈನಿಕರ ಆಶ್ರಯಧಾಮದ ಹಳೆಯ ಹಜಾರ. ಎರಡು ಸಾಲು ಮಂಚ, ಮಂಚಕ್ಕೊಬ್ಬರಂತೆ ಮುದುಕರು. ಸೂರು ಬಿರುಕು ಬಿಟ್ಟಿದೆ. ಮಳೆ ಬಂದಾಗ ಮಂಚಗಳನ್ನು ಅತ್ತಿತ್ತ ಎಳೆದು, ಸೋರುವ ಕಡೆ ಪಾತ್ರೆ ಇಡುತ್ತಾರೆ. ಸ್ನಾನದ ಮನೆಯ ಬಾಗಿಲಿಗೆ ಗಾಲಿಕುರ್ಚಿ ಹಿಡಿಸುವುದಿಲ್ಲ. ಕಾಲಿಲ್ಲದವರನ್ನು ಇಬ್ಬರು ಎತ್ತಿಕೊಂಡೇ ಒಳಗೆ ಹೋಗಬೇಕು. ಹಜಾರದ ಬೆನ್ನಿಗೇ ಅಂಟಿಕೊಂಡು ಹೊಸ ಕಟ್ಟಡ ಎದ್ದಿದೆ. ಅಗಲವಾದ ಬಾಗಿಲು, ಜಾರದ ನೆಲ, ಹಿಡಿದು ನಡೆಯಲು ಗೋಡೆಯುದ್ದಕ್ಕೂ ಕಂಬಿ, ಮಂಚದ ಪಕ್ಕದಲ್ಲೇ ಕರೆಗಂಟೆ. ಎಲ್ಲ ಇದೆ, ಹೋಗುವ ದಾರಿ ಒಂದು ಇಲ್ಲ. ಸುತ್ತಿ ಬಳಸಿ ಹೋದರೆ ಮೆಟ್ಟಿಲು, ಅಂಗಳ, ಮತ್ತೆ ಮೆಟ್ಟಿಲು. ಹಾಸಿಗೆ ಹಿಡಿದವರನ್ನು ಹಾಗೆ ಹೊತ್ತೊಯ್ಯಬೇಡಿ ಎಂದು ವೈದ್ಯರು ಹೇಳಿದ್ದಾರೆ. ಆದ್ದರಿಂದ ನಡುವಿನ ಗೋಡೆಯಲ್ಲೇ ದಾರಿ ಬಿಡಿಸಬೇಕು, ಅದೂ ಮುದುಕರು ಆ ಕಡೆ ಮಲಗಿರುವಾಗಲೇ.

ಮೊದಲು ಬಂದದ್ದು ಯಂತ್ರ. ಅದು ಸದ್ದು ಮಾಡಿದ್ದು ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಅಲ್ಲ. ಅಷ್ಟರಲ್ಲೇ ಒಬ್ಬರು ಮಂಚದ ಕೆಳಗೆ ನುಗ್ಗಿ ಕೈ ಮುರಿದುಕೊಂಡರು. ಇನ್ನೊಬ್ಬರು ಪಕ್ಕದ ಮಂಚದವರ ಮೇಲೆ ಮೈಚೆಲ್ಲಿ ಅವರನ್ನು ಮುಚ್ಚಿಕೊಂಡರು. ಯಂತ್ರ ನಿಲ್ಲಿಸಿ ಎಷ್ಟೋ ಹೊತ್ತಾದರೂ ಮೇಲೇಳಲಿಲ್ಲ, ಬಿಡಿಸಲು ಹೋದವರ ಕೈ ಕಚ್ಚಿದರು. ಕಿಟಕಿ ಪಕ್ಕದ ಮಂಚದವರು ಅವತ್ತು ಮಾತು ನಿಲ್ಲಿಸಿದವರು ಇವತ್ತಿಗೂ ಆಡಿಲ್ಲ.

ಎಂಜಿನಿಯರು ಯಂತ್ರವನ್ನು ವಾಪಸು ಕಳಿಸಿ, ಕೈಯಲ್ಲಿ ಗೋಡೆ ಬಿಡಿಸುವವರು ಯಾರಾದರೂ ಉಳಿದಿದ್ದಾರೆಯೇ ಎಂದು ಹುಡುಕಿದರು. ಈಕೆ ಸಿಕ್ಕಳು. ಹಜಾರದವರು ಈಕೆಯ ಮುಖ ನೋಡಿಲ್ಲ. ಗೋಡೆಯಿಂದ ಎರಡು ಹೆಜ್ಜೆ ಬಿಟ್ಟು, ದೂಳು ತಡೆಯಲೆಂದು ಸೂರಿನಿಂದ ನೆಲದವರೆಗೆ ಟಾರ್ಪಾಲು ಕಟ್ಟಿದೆ. ಅವರಿಗೆ ಗೊತ್ತಿರುವುದು ದನಿ ಮಾತ್ರ. ಆ ದನಿಗೆ ಅವರಿಟ್ಟ ಹೆಸರು ಹೊಡೀಲಮ್ಮ.

"ಶಕ್ತಿ ದೇವರ ಹೆಸರಿದ್ದ ಹಾಗಿದೆ ಅಂತ ನಮ್ಮನೆಯವರು ನಗ್ತಾರೆ," ಎನ್ನುತ್ತಾಳೆ. ನಕ್ಕಾಗ ಹಲ್ಲಿನ ಮೇಲೂ ಕೆಂಪು ದೂಳು ಕಾಣುತ್ತದೆ.

ಮನೆಯವರು ಎಂದರೆ ಗಂಡ. ಈ ಸುತ್ತಿಗೆ ಆತನದು, ಅದಕ್ಕೂ ಮುಂಚೆ ಆತನ ಅಪ್ಪನದು. ಆತ ಹೊಡೆಯುವ ಕಾಲದಲ್ಲಿ ಗೋಡೆಯ ಆ ಕಡೆ ನಿಂತು ಹೂಂಗುಟ್ಟುತ್ತಿದ್ದವಳು ಈಕೆ. ಗಾರೆಯ ದೂಳು ಎದೆಯಲ್ಲಿ ಕೂತು ಆತನಿಗೆ ನಾಲ್ಕು ಹೆಜ್ಜೆ ನಡೆದರೆ ಉಸಿರು ಹಿಡಿಯುವಂತಾದ ಮೇಲೆ ಸುತ್ತಿಗೆ ಈಕೆಯ ಕೈಗೆ ಬಂತು, ಹೂಂ ನಾದಿನಿಯ ಪಾಲಿಗೆ ಹೋಯಿತು. ಕತೆ ಹೇಳುವವರ ಎದುರು ಹೂಂಗುಟ್ಟಲು ಒಬ್ಬರು ಬೇಕಲ್ಲ, ಹಾಗೆ ಈ ಮನೆತನದ ಕಸುಬಿಗೂ ಬೇಕು. ವ್ಯತ್ಯಾಸ ಇಷ್ಟೇ. ಕತೆಯಲ್ಲಿ ಹೂಂ ತಪ್ಪಿದರೆ ಕತೆ ನಿಲ್ಲುತ್ತದೆ. ಇಲ್ಲಿ ಹೂಂ ತಪ್ಪಿದರೆ ಉಸಿರು ನಿಲ್ಲಬಹುದು. ಆ ಕಡೆ ನಿಂತವರು ಸುತ್ತ ನೋಡಿ, ಇಟ್ಟಿಗೆ ಬೀಳುವ ಜಾಗದಲ್ಲಿ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಹೂಂ ಎನ್ನಬೇಕು. ಮಾವನವರ ಕಾಲದಲ್ಲಿ ಒಮ್ಮೆ ಕೇಳದೆ ಹೊಡೆದದ್ದುಂಟಂತೆ. ಆ ಕತೆಯನ್ನು ಮನೆಯಲ್ಲಿ ಯಾರೂ ಪೂರ್ತಿ ಹೇಳುವುದಿಲ್ಲ.

ಇವತ್ತು ಕೊನೆಯ ದಿನ. ನಿನ್ನೆ ಸಂಜೆ ಎಂಜಿನಿಯರು ಬಂದು ಮೋಡದ ಕಡೆ ಕೈ ತೋರಿಸಿ ಹೇಳಿ ಹೋಗಿದ್ದಾರೆ. ಮಳೆ ಹಿಡಿಯುವ ಮುಂಚೆ ಹಜಾರದ ಸೂರು ಇಳಿಸದಿದ್ದರೆ ಅದು ತಾನಾಗಿ ಇಳಿಯುತ್ತದೆ, ಮುದುಕರ ಮೇಲೇ ಇಳಿಯುತ್ತದೆ. ಇವತ್ತು ಸಂಜೆಯೊಳಗೆ ದಾರಿ ಆಗಬೇಕು. ಆಗದಿದ್ದರೆ, ಅಥವಾ ನಡುವೆ ಯಾರಿಗಾದರೂ ಏನಾದರೂ ಆದರೆ, ಬೆಳಗಾಗುತ್ತಲೇ ಈ ಗೋಡೆಗೆ ಯಂತ್ರ ಹಚ್ಚಿಸುತ್ತೇನೆ, ನನಗೂ ಬೇರೆ ದಾರಿಯಿಲ್ಲ ಎಂದಿದ್ದಾರೆ. ಒರಟು ಮನುಷ್ಯರಲ್ಲ. ಹೇಳುವಾಗ ಆಕೆಯ ಮುಖ ನೋಡದೆ ಬಕೆಟ್ಟು ನೋಡುತ್ತಿದ್ದರು.

ಈ ಕಡೆಯ ಇಟ್ಟಿಗೆಗಳನ್ನೆಲ್ಲ ಬಿಡಿಸಿಯಾಗಿದೆ. ಮೇಲೆ ಕಬ್ಬಿಣದ ತೊಲೆ ಕೂತಿದೆ. ಉಳಿದಿರುವುದು ಹಜಾರದ ಕಡೆಯ ಕೊನೆಯ ಪದರ, ಒಂದೇ ಇಟ್ಟಿಗೆಯ ದಪ್ಪ. ತೆಳ್ಳಗಾಯಿತೆಂದು ಹಗುರಾಗಿ ತಿಳಿಯುವಂತಿಲ್ಲ. ಇಷ್ಟು ದಿನ ಇಟ್ಟಿಗೆ ಬೀಳುತ್ತಿದ್ದದ್ದು ಆಕೆಯ ಕಾಲಬುಡಕ್ಕೆ, ಇವತ್ತು ಬೀಳುವುದು ಆ ಕಡೆಗೆ. ಮೇಲಿನ ವರಸೆಗಳನ್ನು ಏಣಿಯ ಮೇಲೆ ನಿಂತು ಒಂದೊಂದಾಗಿ ಬಿಡಿಸಿ ಇಳಿಯುತ್ತ ಬರುತ್ತಾಳೆ. ಹೊಡೀಲಾ, ಹೂಂ. ಹೊಡೀಲಾ, ಹೂಂ. ಆ ಕಡೆ ನೆಲಕ್ಕೆ ಹಾಸಿದ ಒದ್ದೆ ಗೋಣಿಯ ಮೇಲೆ ಇಟ್ಟಿಗೆ ಬಿದ್ದ ಸದ್ದು, ಹಿಟ್ಟಿನ ಮೂಟೆ ಇಳಿಸಿದಷ್ಟೇ.

ಹಜಾರದಲ್ಲಿ ಇದಕ್ಕೆ ಎಲ್ಲರೂ ಹೊಂದಿಕೊಂಡಿದ್ದಾರೆ. ಸೇನೆಯ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದ ಮುದುಕರೊಬ್ಬರಿದ್ದಾರೆ, ಬ್ಯಾಂಡಿನ ತಾತ ಎಂದೇ ಕರೆಯುತ್ತಾರೆ. ಅವರ ಮಾತಿನಲ್ಲಿ ಹೇಳುವುದಾದರೆ: "ಸದ್ದಿಗೆ ನಾವು ಹೆದರೋದಿಲ್ಲ. ಸದ್ದಿನಲ್ಲೇ ಅನ್ನ ತಿಂದವರು ನಾವು. ಹೇಳದೆ ಬರುತ್ತಲ್ಲ, ಆ ಸದ್ದು ಬೇಡ. ಈಯಮ್ಮ ಹೇಳಿ ಹೊಡೀತಾಳೆ. ನಿದ್ದೆ ಕೂಡ ಮಾಡ್ತೀವಿ."

ಹೊತ್ತು ನೆತ್ತಿಗೆ ಬರುವ ವೇಳೆಗೆ ಮೇಲರ್ಧ ಮುಗಿಯುತ್ತದೆ. ಅದರ ಕೆಳಗೆ ಎದೆಮಟ್ಟದಲ್ಲಿ, ಎಂದೋ ಇದ್ದ ಕಿಟಕಿಯೊಂದನ್ನು ಮುಚ್ಚಿದ ತೇಪೆ. ತಟ್ಟಿದರೆ ಪೊಳ್ಳು ಸದ್ದು. ಅದನ್ನು ಕಟ್ಟಿದವರು ಅವಸರದಲ್ಲಿ ಕಟ್ಟಿದ್ದಾರೆ, ಸುತ್ತಲಿನ ಇಟ್ಟಿಗೆಗೆ ಕಚ್ಚಿಸಿಲ್ಲ. ಒಂದು ಏಟು ಸರಿಯಾದ ಕಡೆ ಬಿದ್ದರೆ ಇಡೀ ತೇಪೆ ಒಟ್ಟಿಗೇ ಆ ಕಡೆಗೆ ಕುಸಿಯುತ್ತದೆ. ಆಕೆ ಚಾಣವನ್ನು ಇಡುತ್ತಾಳೆ, ತೆಗೆಯುತ್ತಾಳೆ, ಮತ್ತೆ ಇಡುತ್ತಾಳೆ. ಸೆರಗಿನಲ್ಲಿ ಅಂಗೈ ಒರೆಸಿಕೊಳ್ಳುತ್ತಾಳೆ.

"ಹೊಡೀಲಾ?"

"ಹೂಂ."

ಸುತ್ತಿಗೆ ಮೇಲೆ ಹೋಗುತ್ತದೆ. ಅಲ್ಲೇ ನಿಲ್ಲುತ್ತದೆ.

ಆಮೇಲೆ ನಿಧಾನವಾಗಿ, ಮಲಗಿದ ಕೂಸನ್ನು ಕೆಳಗಿಡುವ ಹಾಗೆ, ಸುತ್ತಿಗೆಯನ್ನು ನೆಲಕ್ಕಿಟ್ಟು ಏಣಿ ಹತ್ತುತ್ತಾಳೆ. ಮುರಿದ ಗೋಡೆಯ ಮೇಲಿಂದ ಬಗ್ಗಿ ನೋಡುತ್ತಾಳೆ. ಟಾರ್ಪಾಲಿಗೂ ಗೋಡೆಗೂ ನಡುವಿನ ಆ ಎರಡು ಹೆಜ್ಜೆ ಜಾಗದಲ್ಲಿ, ತೇಪೆಯ ನೇರ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತ ಒಂದು ಬೋಳು ತಲೆ ಹೊಳೆಯುತ್ತಿದೆ.

ದನಿ ಬೇರೆ ಎಂದು ಹೊಳೆಯುವ ಮುಂಚೆಯೇ, ಹೂಂ ಬೇಗ ಬಂದದ್ದೇ ಆಕೆಯ ಕೈ ಹಿಡಿದದ್ದು. ನಾದಿನಿಯ ಹೂಂ ಯಾವತ್ತೂ ತಡ, ನೋಡಿ ಹೇಳುವ ಹೂಂ. ಈ ಹೂಂ ನೋಡದೆ ಬಂದದ್ದು. ಆಕೆ ಏಣಿ ಇಳಿದು ನೆಲಕ್ಕೆ ಕೂರುತ್ತಾಳೆ.

ನಡೆದದ್ದು ಇಷ್ಟು. ಪಾರ್ಶ್ವವಾಯು ಹೊಡೆದವರೊಬ್ಬರು ಮಂಚದಿಂದ ಜಾರುತ್ತಿದ್ದುದನ್ನು ಕಂಡು ನಾದಿನಿ ಹಿಡಿಯಲು ಓಡಿದ್ದಾಳೆ. ತಡಿ ಎಂದು ಕೂಗಿ ಹೋಗುವುದನ್ನು ಮರೆತಿದ್ದಾಳೆ. ಆ ಸಂದಿನಲ್ಲಿ ಹಜಾರದವರು ತೋಪಿನ ತಾತ ಎಂದು ಕರೆಯುವ ಮುದುಕರು ಕುರ್ಚಿ ಎಳೆದುಕೊಂಡು ಟಾರ್ಪಾಲಿನ ಹಿಂದೆ ಹೋಗಿ ಕೂತಿದ್ದಾರೆ. ಫಿರಂಗಿ ಹಾರಿಸುತ್ತಿದ್ದವರು. ಎರಡೂ ಕಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದಾರೆ. ಯಾರೋ ಏನೋ ಕೇಳಿದರು ಎಂಬಷ್ಟು ತಿಳಿಯುತ್ತದೆ, ಏನು ಕೇಳಿದರು ಎಂದು ತಿಳಿಯುವುದಿಲ್ಲ. ಎರಡೆರಡು ಸಲ ಹೇಳಿಸಿ ಜನಕ್ಕೆ ತೊಂದರೆ ಕೊಡುವುದೇಕೆ ಎಂದು ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಊಟ ಆಯಿತೇ ಎಂದರೂ ಹೂಂ, ಊಟ ಬೇಕೇ ಎಂದರೂ ಹೂಂ. ಒಂದೇ ವಾರದಲ್ಲಿ ಎರಡು ಸಲ ತಲೆ ಬೋಳಿಸಿಕೊಂಡದ್ದೂ ಹೀಗೆಯೇ ಎಂದು ಬ್ಯಾಂಡಿನ ತಾತ ಹೇಳುತ್ತಾರೆ.

ಆಕೆ ಎದ್ದು ಹೊರಗೆ ಹೋಗುತ್ತಾಳೆ. ಮೆಟ್ಟಿಲಿಳಿದು, ಅಂಗಳ ದಾಟಿ, ಮತ್ತೆ ಮೆಟ್ಟಿಲು ಹತ್ತಿ, ಮೊದಲ ಸಲ ಹಜಾರದೊಳಗೆ ಕಾಲಿಡುತ್ತಾಳೆ. ಮಂಚಗಳ ಮೇಲಿಂದ ಮುದುಕರು ತಲೆಯೆತ್ತಿ ನೋಡುತ್ತಾರೆ. ಮೈಯೆಲ್ಲ ಕೆಂಪು ದೂಳಾದ, ಮಂಚದ ಕಂಬಿಗಿಂತ ಸ್ವಲ್ಪವೇ ಎತ್ತರ ಎನ್ನುವಂಥ ಹೆಂಗಸು.

"ಇವಳೇ ಏನ್ರಯ್ಯಾ ಹೊಡೀಲಮ್ಮ?" ಎಂದು ಯಾರೋ ಕೇಳುತ್ತಾರೆ. "ದನಿ ಕೇಳಿ ಆಳೆತ್ತರ ಇದ್ದಾಳೆ ಅಂದ್ಕೊಂಡಿದ್ದೆ."

ಆಕೆ ನಗುವುದಿಲ್ಲ. ನಾದಿನಿ ಮೂಲೆಯಲ್ಲಿ ಸೆರಗು ಬಾಯಿಗೊತ್ತಿ ನಿಂತಿದ್ದಾಳೆ. ಬೈಯುತ್ತಾಳೆ ಎಂದು ಎಲ್ಲರೂ ಕಾಯುತ್ತಾರೆ. ಆಕೆ ನಾದಿನಿಯ ಭುಜ ಒಮ್ಮೆ ಹಿಡಿದು ಬಿಟ್ಟು, ತೋಪಿನ ತಾತನ ಹತ್ತಿರ ಹೋಗಿ, ಕಿವಿಗೆ ಬಾಯಿಟ್ಟು, ಅಲ್ಲಿ ಹೋಗಿ ಯಾಕೆ ಕೂತಿರಿ ಎಂದು ಕೇಳುತ್ತಾಳೆ. ಹೂಂ ಎನ್ನುತ್ತಾರೆ. ಇನ್ನೊಮ್ಮೆ, ಮತ್ತೂ ಗಟ್ಟಿಯಾಗಿ ಕೇಳುತ್ತಾಳೆ.

"ಗೋಡೆಗೆ ಬೆನ್ನು ಕೊಟ್ರೆ ನಿನ್ನ ಸುತ್ತಿಗೆ ಕೇಳುತ್ತೆ ಮಗಳೇ," ಎನ್ನುತ್ತಾರೆ ತಾತ. "ಕಿವಿಗೆ ಯಾವ ಸದ್ದೂ ಸರಿಯಾಗಿ ಬೀಳಲ್ಲ ನಂಗೆ. ಬೆನ್ನಿಗೆ ಬೀಳುತ್ತೆ. ಚೆನ್ನಾಗಿರುತ್ತೆ."

ಆಕೆ ತಾತನ ಕೈ ಹಿಡಿದು ಎಬ್ಬಿಸಿ, ಅವರನ್ನೂ ಕುರ್ಚಿಯನ್ನೂ ಅವರ ಮಂಚದ ಹತ್ತಿರಕ್ಕೆ ತರುತ್ತಾಳೆ.

ಈಗ ಕಷ್ಟ ಶುರುವಾಗುತ್ತದೆ. ತೇಪೆ ಹಾಗೇ ನಿಂತಿದೆ. ಅಡಿಯಲ್ಲಿ ಇನ್ನೂ ಅರ್ಧ ಗೋಡೆ ಬಾಕಿ. ಹೊತ್ತು ಇಳಿಯುತ್ತಿದೆ, ಮೋಡ ಕವಿಯುತ್ತಿದೆ. ಅವಸರ ಮಾಡಿದರೆ ಮುಗಿದೀತು. ಆದರೆ ತಲೆಮಾರುಗಳಿಂದ ನಂಬಿಕೊಂಡು ಬಂದ ಒಂದು ಹೂಂ ಇವತ್ತು ಸುಳ್ಳಾಗಿದೆ. ಬರಿಯ ಹೂಂ ನಂಬಿ ಹೊಡೆಯಲು ಆಕೆಯ ಕೈ ಏಳುವುದಿಲ್ಲ. ಬ್ಯಾಂಡಿನ ತಾತ ಒಂದು ಉಪಾಯ ಹೇಳುತ್ತಾರೆ. ಸಾಲಿನಲ್ಲಿ ನಿಲ್ಲಿಸಿ ಹಾಜರಿ ಕೂಗುತ್ತಿದ್ದರಲ್ಲ, ಹಾಗೆ ಪ್ರತಿಯೊಬ್ಬರೂ ತಮ್ಮ ತಮ್ಮ ಮಂಚದಿಂದ ತಾವೇ ಕೂಗಲಿ. ಎಲ್ಲರೂ ಕೂಗಿದ ಮೇಲೆ ನಾದಿನಿ ಟಾರ್ಪಾಲಿನ ಹಿಂದೆ ನೋಡಿ ಹೂಂ ಅನ್ನಲಿ. ಒಂದು ದನಿ ಬರದಿದ್ದರೂ ಹೊಡೆಯುವಂತಿಲ್ಲ. ತೋಪಿನ ತಾತನ ಮಂಚ ತನ್ನ ಪಕ್ಕದಲ್ಲೇ ಇದೆ, ಅವರ ಸರದಿ ಬಂದಾಗ ತಾನು ತಿವಿಯುತ್ತೇನೆ.

ಒಂದು ಏಟಿಗೆ ಇಡೀ ಹಜಾರದ ಹಾಜರಿ. ಸಂಜೆಯೊಳಗೆ ಮುಗಿಯುವ ಮಾತಲ್ಲ ಎಂದು ಆಕೆಗೂ ಗೊತ್ತು. ಆದರೂ ಒಪ್ಪುತ್ತಾಳೆ.

ಮತ್ತೆ ಮೆಟ್ಟಿಲು, ಅಂಗಳ, ಮೆಟ್ಟಿಲು. ಸುತ್ತಿಗೆ ಎತ್ತಿ ಕೇಳುತ್ತಾಳೆ. ಆ ಕಡೆ ಮಂಚದಿಂದ ಮಂಚಕ್ಕೆ ದನಿ ಹರಿದು ಬರುತ್ತದೆ. ಇದ್ದೀನಿ. ಇದ್ದೀನಿ. ಒಬ್ಬರದು ಕೆಮ್ಮಿನ ನಡುವೆ, ಒಬ್ಬರದು ತಿವಿತಕ್ಕೆ ಬೆಚ್ಚಿ. ಕಿಟಕಿ ಪಕ್ಕದ ಮಂಚಕ್ಕೆ ಬಂದಾಗ ದನಿ ಕಡಿಯುತ್ತದೆ. ಮಾತು ನಿಲ್ಲಿಸಿದವರ ಮಂಚ ಅದು.

ಅವರ ಬದಲು ನಾನು ಕೂಗುತ್ತೇನೆ, ನೀನು ಹೊಡಿ ಎಂದು ಬ್ಯಾಂಡಿನ ತಾತ ಹೇಳುತ್ತಾರೆ.

"ಬೇಡ ತಾತ. ಅವರದ್ದು ಅವರೇ ಹೇಳ್ಲಿ. ನಾನು ಕಾಯ್ತೀನಿ."

ಕಾಯುತ್ತಾಳೆ. ಹೊರಗೆ ಗಾಳಿಗೆ ತಗಡಿನ ಹಾಳೆಯೊಂದು ಬಡಿದುಕೊಳ್ಳುತ್ತಿದೆ. ಎಷ್ಟೋ ಹೊತ್ತಿನ ಮೇಲೆ, ಮಂಚದ ಕಂಬಿಗೆ ಸ್ಟೀಲಿನ ಲೋಟ ತಾಗಿದ ಸದ್ದು. ಟಣ್. ಒಂದೇ ಸಲ. ಮುಂದಿನ ಮಂಚದವರು ಇದ್ದೀನಿ ಎನ್ನುತ್ತಾರೆ. ಕೊನೆಗೆ ನಾದಿನಿಯ ಹೂಂ, ಎಂದಿಗಿಂತಲೂ ತಡವಾಗಿ. ಸುತ್ತಿಗೆ ಬೀಳುತ್ತದೆ. ತೇಪೆ ಇಡಿಯಾಗಿ ಗೋಣಿಯ ಮೇಲೆ ಕುಸಿಯುತ್ತದೆ, ಕುರ್ಚಿ ಇದ್ದ ಜಾಗದಲ್ಲೇ.

ಅಲ್ಲಿಂದ ಮುಂದೆ ಪ್ರತಿ ಏಟಿಗೂ ಅದೇ ಸರಪಳಿ. ಒಮ್ಮೆ ಒಬ್ಬರು ನಿದ್ದೆ ಹೋಗಿರುತ್ತಾರೆ. ಅವರನ್ನು ಎಬ್ಬಿಸುವವರೆಗೆ ಎಲ್ಲರೂ ಕಾಯುತ್ತಾರೆ. "ಸತ್ತಿಲ್ಲ ಕಣಮ್ಮ, ಹೊಡಿ," ಎಂದು ಎದ್ದವರು ಗೊಣಗುತ್ತಾರೆ. ಲೋಟದ ಸದ್ದು ಮಾತ್ರ ಈಗ ತಡವಾಗುವುದಿಲ್ಲ.

ಸಂಜೆ ಎಂಜಿನಿಯರು ಬರುವಾಗ ಮೊಣಕಾಲೆತ್ತರದ ಗೋಡೆ ಇನ್ನೂ ಉಳಿದಿದೆ. ಟಾರ್ಪಾಲು ಬಿಚ್ಚಿದ್ದಾರೆ. ಈ ಕಡೆಯಿಂದ ಆ ಕಡೆಗೆ ಕಣ್ಣು ಹಾಯುತ್ತದೆ, ಗಾಲಿಕುರ್ಚಿ ಹಾಯುವುದಿಲ್ಲ. ಬೆಳಿಗ್ಗೆ ಅಷ್ಟು ಚೆನ್ನಾಗಿ ಸಾಗಿದ ಕೆಲಸ ಮಧ್ಯಾಹ್ನದ ಮೇಲೆ ಯಾಕೆ ನಿಧಾನವಾಯಿತು ಎಂದು ಅವರು ಕೇಳುತ್ತಾರೆ. ನಾದಿನಿ ಅತ್ತಿಗೆಯ ಮುಖ ನೋಡುತ್ತಾಳೆ. ಬ್ಯಾಂಡಿನ ತಾತ ಸೂರು ನೋಡುತ್ತಾರೆ. ಗೋಡೆ ಗಟ್ಟಿಯಿತ್ತು ಸಾರ್ ಎಂದರೆ ಸಾಕು, ಮಾತು ಮುಗಿಯುತ್ತದೆ.

ಆಕೆ ನಡೆದದ್ದನ್ನು ನಡೆದ ಹಾಗೆ ಹೇಳುತ್ತಾಳೆ. ನಾದಿನಿ ಓಡಿದ್ದು, ಕುರ್ಚಿ, ಹೂಂ, ಎತ್ತಿದ ಸುತ್ತಿಗೆ.

ಎಂಜಿನಿಯರ ಮುಖ ಬಿಳಿಚುತ್ತದೆ. "ಅಕ್ಕಾ, ಇದನ್ನ ನೀವು ಹೇಳದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ."

"ನಂಗೆ ಗೊತ್ತಿತ್ತಲ್ಲ ಸಾರ್."

ಅವರು ಮೊಣಕಾಲೆತ್ತರದ ಗೋಡೆ ದಾಟಿ ಹಜಾರದೊಳಗೆ ಹೋಗಿ ತೋಪಿನ ತಾತನ ಎದುರು ಬಗ್ಗುತ್ತಾರೆ. "ತಾತ, ನಿಮಗೇನಾದ್ರೂ ಪೆಟ್ಟಾಯ್ತಾ?"

"ಹೂಂ," ಎನ್ನುತ್ತಾರೆ ತಾತ.

ಆಕೆಯ ಕೈಯಿಂದ ಚಾಣ ಜಾರುತ್ತದೆ. ಎಂಜಿನಿಯರು ನೆಟ್ಟಗೆ ನಿಂತು ಎಲ್ಲಿ, ಎಲ್ಲಿ ಎಂದು ತಾತನ ತಲೆ, ಹೆಗಲು ತಡಕುತ್ತಾರೆ.

"ಸ್ವಲ್ಪ ತಡೀರಿ ಸಾರ್," ಎಂದು ಬ್ಯಾಂಡಿನ ತಾತ ಎದ್ದು ಕೂರುತ್ತಾರೆ. "ಏನಪ್ಪಾ, ನೀನು ಇನ್ನೂ ಹುಟ್ಟೇ ಇಲ್ವಂತೆ, ಹೌದಾ?"

"ಹೂಂ."

"ನಿಂಗೆ ನಾಳೆ ಮದುವೆಯಂತೆ?"

"ಹೂಂ."

ಮೊದಲು ನಗುವುದು ಪಾರ್ಶ್ವವಾಯುವಿನವರು, ಅರ್ಧ ಬಾಯಲ್ಲಿ. ಆಮೇಲೆ ಮಂಚದಿಂದ ಮಂಚಕ್ಕೆ ನಗೆ ಹಬ್ಬುತ್ತದೆ. ಎಂಜಿನಿಯರು ಹಣೆ ಒತ್ತಿಕೊಂಡು, ಬೇಡವೆಂದರೂ ತಡೆಯಲಾಗದೆ ನಗುತ್ತಾರೆ. ಎಲ್ಲರೂ ಯಾಕೆ ನಗುತ್ತಿದ್ದಾರೆಂದು ತಿಳಿಯದಿದ್ದರೂ ತೋಪಿನ ತಾತನೂ ನಗುತ್ತಾರೆ.

ಉಳಿದ ಗೋಡೆಗೆ ಎಂಜಿನಿಯರೇ ದಾರಿ ಕಾಣಿಸುತ್ತಾರೆ. ಎರಡೂ ಕಡೆ ಮರಳಿನ ಚೀಲ ಪೇರಿಸಿ, ಮೇಲೆ ಸೆಂಟ್ರಿಂಗಿನ ಹಲಗೆ ಜೋಡಿಸಿ ಇಳಿಜಾರು ಮಾಡಿಸುತ್ತಾರೆ. ಮೊದಲ ಮಳೆ ಹನಿ ಬೀಳುವ ಹೊತ್ತಿಗೆ ಮೊದಲ ಗಾಲಿಕುರ್ಚಿ ಹತ್ತಿ ಇಳಿಯುತ್ತದೆ. ದಾಟುವಾಗ ಒಬ್ಬೊಬ್ಬರೂ ಕಡಿದ ಇಟ್ಟಿಗೆಯ ಅಂಚನ್ನು ಸವರಿ ನೋಡುತ್ತಾರೆ. ಕಿಟಕಿ ಪಕ್ಕದ ಮಂಚದವರು ತಮ್ಮ ಲೋಟ ಬಿಟ್ಟು ಹೊರಡಲೊಪ್ಪುವುದಿಲ್ಲ. ಅದನ್ನು ಎದೆಗೆ ಹಿಡಿದುಕೊಂಡೇ ದಾಟುತ್ತಾರೆ.

ಹಜಾರ ಖಾಲಿಯಾದ ಮೇಲೆ ಎಂಜಿನಿಯರು ಆಕೆಯ ಹತ್ತಿರ ಬರುತ್ತಾರೆ. ಗೋಡೆಗೆ ಇನ್ನು ಯಂತ್ರ ಹಚ್ಚುವುದಿಲ್ಲ. ಆದರೆ ಹಜಾರದ ಸೂರು ಇಳಿಸಲು ಅದು ನಾಳೆ ಬೆಳಿಗ್ಗೆ ಬಂದೇ ಬರುತ್ತದೆ. ಅಷ್ಟು ದೊಡ್ಡ ಸೂರು ಕೈಯಲ್ಲಿ ಇಳಿಯುವಂಥದ್ದಲ್ಲ. ಮುದುಕರನ್ನು ಹೊಸ ಕಟ್ಟಡದ ಆ ತುದಿಗೆ ಮಲಗಿಸಿ ಬಾಗಿಲು ಹಾಕಿಸುತ್ತೇನೆ ಎನ್ನುತ್ತಾರೆ. ಸದ್ದು ಅಲ್ಲಿಗೂ ಕೇಳುತ್ತದೆ ಎಂದು ಇಬ್ಬರಿಗೂ ಗೊತ್ತು. ಈಕೆಯ ಕೆಲಸ ಇಲ್ಲಿಗೆ ಮುಗಿಯಿತೆಂದೂ ಗೊತ್ತು.

ಆಕೆ ಚಾಣದ ರಬ್ಬರು ಬಿಚ್ಚಿ, ಒರೆಸಿ, ಚೀಲಕ್ಕೆ ಹಾಕುತ್ತಾಳೆ. ನಾದಿನಿ ಬಕೆಟ್ಟು ತೊಳೆಯುತ್ತಾಳೆ. ಮುಂದೆ ಎಲ್ಲಿ ಕೆಲಸ ಎಂದು ಕೇಳಿದರೆ, ನೋಡಬೇಕು, ಕೈಯಲ್ಲಿ ಬಿಡಿಸುವ ಗೋಡೆಗಳೇ ಕಡಿಮೆಯಾಗಿವೆ ಎನ್ನುತ್ತಾಳೆ. ದೊಡ್ಡ ಆಸೆ ಏನೂ ಇಲ್ಲ. ಒಂದೇ ಒಂದು ಮಾತನ್ನು ಎಂಜಿನಿಯರ ಹತ್ತಿರ ಕೇಳಿಕೊಂಡಿದ್ದಾಳೆ, ಅವರು ಒಪ್ಪಿದ್ದಾರೆ.

"ನಾಳೆ ಬರ್ತೀನಿ. ಸುತ್ತಿಗೆ ತರಲ್ಲ, ಬರೀ ಕೈಲಿ ಬರ್ತೀನಿ," ಎನ್ನುತ್ತಾಳೆ, ಚೀಲದ ಬಾಯಿ ಕಟ್ಟುತ್ತ, ನಾದಿನಿಯತ್ತ ತಲೆ ಆಡಿಸಿ. "ಇವಳು ಮಷಿನ್ನಿನ ಡ್ರೈವರ್ ಪಕ್ಕ ನಿಂತು ಹೊಡೀಲಾ ಅಂತ ಕೂಗ್ತಾಳೆ. ನಾನು ಒಳಗೆ ತಾತಂದಿರ ಹತ್ರ ಕೂತಿರ್ತೀನಿ. ಅದು ಶುರುವಾಗೋ ಮುಂಚೆ ಯಾರಾದ್ರೂ ಅವರಿಗೆ ಹೇಳ್ಬೇಕಲ್ಲ."